ಮನೆಯೊಳಗಿನ ತಮಿಳು, ಬೀದಿಯ ಕನ್ನಡ

ನಮ್ಮ ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟುಗಳಲ್ಲಿ ಇರೋ ತಮಿಳು ಮನೆಗಳ ಹೆಣ್ಮಕ್ಕಳು ಈಗೀಗ ನನ್ನನ್ನ ಒಂದೇ ಮಾತು ಕೇಳ್ತಾರೆ. "ಮಗೂಗೆ ತಮಿಳು ಎಲ್ಲಾ ಅರ್ಥ ಆಗುತ್ತೆ ಅಕ್ಕಾ, ಆದ್ರೆ ಬಾಯಿ ಬಿಡಲ್ಲ. ನಾವು ತಮಿಳಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ತರ ಕೊಡುತ್ತೆ. ಊರಿಂದ ನಮ್ಮಮ್ಮ ಬಂದ್ರೆ ಅಜ್ಜಿ ಮೊಮ್ಮಗು ಇಬ್ಬರೂ ಮುಖ ಮುಖ ನೋಡ್ಕೊಂಡು ಕೂತಿರ್ತಾರೆ. ಏನ್ ಮಾಡೋದು?" ಕೆಲವರು ಕಾರಣವನ್ನೂ ಅವರೇ ಹೇಳಿಬಿಡ್ತಾರೆ. ಇದು ಕರ್ನಾಟಕ ಅಲ್ವಾ, ಸ್ಕೂಲಲ್ಲಿ ಕನ್ನಡ ಕಲೀಬೇಕು, ಅದಕ್ಕೇ ತಮಿಳು ಹೋಯ್ತು ಅಂತ.

ಈ ಕೊನೇ ಮಾತನ್ನ ನಾನು ಒಪ್ಪಲ್ಲ. ನಮ್ಮದೂ ತಮಿಳು ಮಾತಾಡೋ ಮನೆಯೇ. ನಮ್ಮ ತಾತ ಉತ್ತರ ಆರ್ಕಾಟು ಕಡೆಯಿಂದ ಬಂದವರು. ನಾನು ಓದಿದ್ದು ಕನ್ನಡ ಮೀಡಿಯಂ, ಪಿಯುಸಿ ತನಕ. ಲೆಕ್ಕ ಬರೆಯೋದು, ಕಾಗದ ಬರೆಯೋದು, ಈ ಬರಹ ಬರೆಯೋದು ಎಲ್ಲಾ ಕನ್ನಡದಲ್ಲೇ. ಆದ್ರೂ ಮನೆಯೊಳಗೆ ತಮಿಳು ಒಂದು ದಿನಾನೂ ನಿಂತಿಲ್ಲ. ನಮ್ಮಂಥ ಮನೆಗಳು ಈ ಊರಲ್ಲಿ ಲಕ್ಷಗಟ್ಟಲೆ ಇವೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ತಮಿಳನ್ನ ತಾಯಿಮಾತು ಅಂತ ಬರೆಸಿದವರೇ ಸುಮಾರು 21 ಲಕ್ಷ ಜನ. ಅವರಲ್ಲಿ ಎಷ್ಟೋ ಮನೆಗಳಲ್ಲಿ ಬೀದಿಯಲ್ಲಿ ಕನ್ನಡ, ಮನೇಲಿ ತಮಿಳು ಅಂತ ತಲೆತಲಾಂತರ ನಡೆದುಕೊಂಡು ಬಂದಿದೆ. ಹಂಗಿದ್ಮೇಲೆ ಈಗ ಮಾತ್ರ ಯಾಕೆ ಹೋಗ್ತಿದೆ? ಅದು ಗೊತ್ತಾಗಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತುಂಬಾ ಹಿಂದಕ್ಕೆ ಹೋದ್ರೆ ಕಾಡುಗೋಡಿಯಲ್ಲೇ ಶುರು ಮಾಡಬಹುದು. ವೈಟ್‌ಫೀಲ್ಡ್ ಅನ್ನೋ ಹೆಸರು ಬಂದಿದ್ದು 1882ರಲ್ಲಿ, ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಜನಕ್ಕೆ ಇಲ್ಲಿ ಜಮೀನು ಕೊಟ್ಟ ಮೇಲೆ. ಕಾಡುಗೋಡಿ ಅದಕ್ಕಿಂತ ಎಷ್ಟೋ ಹಳೇ ಊರು. ಹನ್ನೊಂದನೇ ಶತಮಾನದಲ್ಲಿ ಚೋಳರ ಕಾಲದ ತಮಿಳು ಶಾಸನ ಅಲ್ಲಿ ಸಿಕ್ಕಿದೆ, ಪಟ್ಟಂದೂರು ಕೆರೆ ಕಟ್ಟಿಸಿದ ವಿಷಯ ಅದರಲ್ಲಿದೆ. ಈಗ ಐಟಿಪಿಎಲ್‌ಗೆ ಹೋಗೋ ಸಾವಿರಾರು ಜನ ದಿನಾ ಅದೇ ಪಟ್ಟಂದೂರು ದಾಟಿಕೊಂಡು ಹೋಗ್ತಾರೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲೂ ತಮಿಳು ಶಾಸನಗಳಿವೆ. ಇತ್ತ ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಕನ್ನಡ ಶಾಸನ ಇದೆ, 'ಬೆಂಗಳೂರು' ಅನ್ನೋ ಹೆಸರು ಕಾಣಿಸೋದು ಅದರಲ್ಲಿ. ಯಾರು ಮೊದಲು ಯಾರು ಆಮೇಲೆ ಅನ್ನೋ ಜಗಳಕ್ಕೆ ನಾನು ಇದನ್ನ ಹೇಳ್ತಿಲ್ಲ. ಎರಡು ಭಾಷೆ ಅಕ್ಕಪಕ್ಕದ ಹೊಲ ಇದ್ದಂಗೆ ಇಲ್ಲಿ ಸಾವಿರ ವರ್ಷದಿಂದ ಇವೆ, ಒಂದು ಬಂತು ಅಂತ ಇನ್ನೊಂದು ಒಣಗಲಿಲ್ಲ ಅನ್ನೋದಷ್ಟೇ ನನ್ನ ಮಾತು.

ಈಗಿರೋ ತಮಿಳು ಮನೆಗಳು ಬಂದಿದ್ದು ಬಹಳ ಮಟ್ಟಿಗೆ ದಂಡಿನ ಕಾಲದಲ್ಲಿ. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನ ಬೆಂಗಳೂರಿಗೆ ತಂದು ಹಲಸೂರಿನ ಕಡೆ ದಂಡು ಕಟ್ಟಿದರು. ಅದರ ಹಿಂದೆ ಸಿಪಾಯಿಗಳು, ಅಡಿಗೆಯವರು, ಗಾರೆ ಕೆಲಸದವರು, ಮೊದಲಿಯಾರ್ ವ್ಯಾಪಾರಿಗಳು ಮದರಾಸು ಸೀಮೆಯಿಂದ ಬಂದ್ರು. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದ ಮೇಲೆ ಬರೋದು ಹೋಗೋದು ಇನ್ನೂ ಸುಲಭ ಆಯ್ತು. ನಮ್ಮ ವೈಟ್‌ಫೀಲ್ಡ್ ಸ್ಟೇಷನ್ ಇರೋದೂ ಅದೇ ಲೈನಿನಲ್ಲಿ. ದಂಡು 1947ರ ತನಕ ಇಂಗ್ಲಿಷರ ಕೈಯಲ್ಲೇ ಇತ್ತು. 1949ರಲ್ಲಿ ದಂಡೂ ಪೇಟೆಯೂ ಸೇರಿ ಒಂದು ಕಾರ್ಪೊರೇಷನ್ ಆಯ್ತು.

ಅದೇ ಲೈನಿನಲ್ಲಿ ಮುಂದಕ್ಕೆ ಹೋದ್ರೆ ಬಂಗಾರಪೇಟೆ, ಅಲ್ಲಿಂದ ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ಕೆಲಸ ಶುರು ಮಾಡಿದಾಗ ಭೂಮಿಯೊಳಗೆ ಇಳಿಯೋ ಕೆಲಸಕ್ಕೆ ಉತ್ತರ ಆರ್ಕಾಟು, ಸೇಲಂ, ಧರ್ಮಪುರಿ ಕಡೆಯ ಬಡವರು ಬಂದ್ರು. ಮೂರು ನಾಲ್ಕು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಬೆಳೀತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಅವರ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರೋದು ದಿನದ ಮಾತಾಯ್ತು. ಬೆಳಗ್ಗೆ ವೈಟ್‌ಫೀಲ್ಡ್ ಸ್ಟೇಷನ್ನಲ್ಲಿ ನಿಂತು ನೋಡಿ, ಇಳಿಯೋ ಸೆಕ್ಯೂರಿಟಿಯವರು, ಮನೆ ಕೆಲಸದವರು, ಆಫೀಸಿನ ಹುಡುಗರು ಎಷ್ಟೋ ಜನ ಕೆಜಿಎಫ್ ತಮಿಳಲ್ಲೇ ಮಾತಾಡ್ಕೊಂಡು ಇಳೀತಾರೆ, ಆಟೋದವನ ಹತ್ತಿರ ಕನ್ನಡಕ್ಕೆ ತಿರುಗ್ತಾರೆ. ಅವರಿಗೆ ಎರಡರ ನಡುವೆ ಗೋಡೆ ಇಲ್ಲ.

ಇದರ ಮಧ್ಯೆ ಫ್ಯಾಕ್ಟರಿಗಳು ಬಂದವು. 1940ರಲ್ಲಿ ಎಚ್ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1953ರಲ್ಲಿ ಎಚ್ಎಂಟಿ, 1954ರಲ್ಲಿ ಬಿಇಎಲ್. ನಾನು ಬೆಳೆದಿದ್ದು ಅಂಥಾ ಕಾರ್ಮಿಕರ ವಠಾರದಲ್ಲಿ. ಒಂದು ಸಾಲಿನಲ್ಲಿ ಎಂಟು ಮನೆ, ನಾಲ್ಕು ಭಾಷೆ. ನಲ್ಲಿ ಹತ್ತಿರ ಕನ್ನಡ, ಎದುರು ಮನೆ ತೆಲುಗು, ಕೊನೇ ಮನೆ ಮಲಯಾಳ. ನಮ್ಮಜ್ಜಿಗೆ ಓದು ಬರಹ ಇರಲಿಲ್ಲ. ಅವರು ನಮಗೆ ತಮಿಳು 'ಕಲಿಸಲಿಲ್ಲ'. ರುಬ್ಬೋ ಕಲ್ಲಿನ ಮುಂದೆ ಕೂತು "ತಣ್ಣಿ ಊತ್ತು" ಅಂತಿದ್ರು, ನೀರು ಹಾಕ್ತಿದ್ವಿ. "ಪುಳಿ ಎಡು" ಅಂದ್ರೆ ಹುಣಸೆಹಣ್ಣು ತಂದು ಕೊಡ್ತಿದ್ವಿ. ರಾತ್ರಿ ಕತೆ ಹೇಳ್ತಿದ್ರು, ಮಧ್ಯದಲ್ಲಿ ನಿಲ್ಲಿಸಿ "ಅಪ್ಪುರಂ?" ಅಂತ ಕೇಳ್ತಿದ್ರು. ಆಮೇಲೇನಾಯ್ತು ಅಂತ ನಾವು ತಮಿಳಲ್ಲೇ ಹೇಳಬೇಕು, ಇಲ್ಲಾಂದ್ರೆ ಕತೆ ಮುಂದಕ್ಕೆ ಹೋಗ್ತಿರಲಿಲ್ಲ. ಅಷ್ಟೇ ಅವರ ಪಾಠ.

ಮನೆಯೊಳಗಿನ ಭಾಷೆ ಎಷ್ಟು ಗಟ್ಟಿ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಸಾಕ್ಷಿ ಸಂಕೇತಿ ಜನ. ತಮ್ಮ ಹಿರೀಕರು ಶೆಂಗೋಟೆ ಕಡೆಯಿಂದ ಬಂದವರು ಅನ್ನೋದು ಅವರ ಪರಂಪರೆಯ ಕತೆ. ಬೆಟ್ಟದಪುರ, ಕೌಶಿಕದ ಸುತ್ತ ಶತಮಾನಗಳಿಂದ ನೆಲೆ ನಿಂತಿದ್ದಾರೆ. ಅವರ ಮಾತಿಗೆ ಶಾಲೆ ಇಲ್ಲ, ಬೇರೆ ಲಿಪಿ ಇಲ್ಲ, ಬರೀಬೇಕಾದ್ರೆ ಕನ್ನಡ ಅಕ್ಷರ. ಹೊರಗೆ ಪೂರಾ ಕನ್ನಡದವರು. ಹಾಸನ ಮಂಡ್ಯ ಕಡೆಯ ಹೆಬ್ಬಾರ್ ಅಯ್ಯಂಗಾರರ ಮನೆ ತಮಿಳೂ ಹಂಗೇ. ಕನ್ನಡದ ಮಾತು ಬೇಕಾದಷ್ಟು ಸೇರಿಕೊಂಡಿದೆ, ಚೆನ್ನೈಯವರು ಕೇಳಿದ್ರೆ ನಗಬಹುದು, ಆದ್ರೆ ಅಡಿಗೆಮನೇಲಿ ಅದು ಬದುಕಿತು.

ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರು ಕನ್ನಡಕ್ಕೆ ಏನು ಕೊಟ್ಟರು ಅಂತ ನಾನು ಹೇಳಬೇಕಾಗಿಲ್ಲ, 1983ರ ಜ್ಞಾನಪೀಠ 'ಚಿಕವೀರ ರಾಜೇಂದ್ರ'ಕ್ಕೆ ಬಂತು. ಮನೇಲಿ ತಮಿಳು ಇದ್ದದ್ದು ಅವರ ಕನ್ನಡಕ್ಕೆ ಅಡ್ಡ ಬರಲಿಲ್ಲ, ಕನ್ನಡ ಬರೆದದ್ದಕ್ಕೆ ಮನೆಯ ತಮಿಳೂ ಹೋಗಲಿಲ್ಲ. ಇನ್ನೊಬ್ಬರು ಎ.ಕೆ. ರಾಮಾನುಜನ್, 1929ರಲ್ಲಿ ಮೈಸೂರಲ್ಲಿ ಹುಟ್ಟಿದವರು. ಅವರ ಮನೇಲಿ ಅಮ್ಮನ ಜೊತೆ ಕೆಳಗೆ ತಮಿಳು, ಮಹಡಿ ಮೇಲೆ ಗಣಿತದ ಪ್ರೊಫೆಸರ್ ಆಗಿದ್ದ ಅಪ್ಪನ ಜೊತೆ ಇಂಗ್ಲಿಷು, ಬೀದಿಗೆ ಇಳಿದ್ರೆ ಕನ್ನಡ. ಹಳೇ ತಮಿಳನ್ನ ಅವರು ಚಿಕ್ಕಂದಿನಲ್ಲಿ ಕಲಿತೇ ಇರಲಿಲ್ಲ. 1962ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹಳೇ ತಮಿಳಿನ ವ್ಯಾಕರಣ ಹುಡುಕೋಕೆ ಹೋದಾಗ ಸಂಗಂ ಕಾಲದ ಪದ್ಯಗಳ ಪುಸ್ತಕ ಕೈಗೆ ಸಿಕ್ಕಿತು. ಅಲ್ಲಿಂದ ಕಲಿತು, 1967ರ ಹೊತ್ತಿಗೆ ಅವನ್ನ ಇಂಗ್ಲಿಷಿಗೆ ತಂದು ಪುಸ್ತಕ ಮಾಡಿ ಲೋಕಕ್ಕೆಲ್ಲ ತೋರಿಸಿದರು. ಅಮ್ಮನ ಜೊತೆ ಆಡಿದ ಮಾತು ಬಾಯಲ್ಲಿ ಇದ್ದದ್ದಕ್ಕೆ ದೊಡ್ಡೋರಾದ ಮೇಲೆ ಪುಸ್ತಕದ ಭಾಷೆ ಕೈಗೆ ಹತ್ತಿತು ಅಂತ ನನಗನ್ನಿಸುತ್ತೆ. ಅಕ್ಷರ ಆಮೇಲೆ ಬಂದ್ರೂ ಬರುತ್ತೆ. ಮಾತು ಮಾತ್ರ ಮೊದಲೇ ಬರಬೇಕು.

ಹಂಗಾದ್ರೆ ಸ್ಕೂಲು? ಕಾನೂನು ಇಲ್ಲದೆ ಇಲ್ಲ. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರೈಮರಿಯಲ್ಲಿ ತಾಯಿಮಾತಲ್ಲಿ ಕಲಿಯೋ ಅನುಕೂಲ ಮಾಡಿಕೊಡೋಕೆ ಪ್ರಯತ್ನ ಪಡಬೇಕು ಅಂತ ರಾಜ್ಯಗಳಿಗೆ ಹೇಳುತ್ತೆ. ಬೆಂಗಳೂರಲ್ಲಿ ತಮಿಳು ಮೀಡಿಯಂ ಸ್ಕೂಲುಗಳಿದ್ವು, ಎಸ್ಸೆಸ್ಸೆಲ್ಸಿಯಲ್ಲಿ ತಮಿಳನ್ನ ಮೊದಲ ಭಾಷೆಯಾಗಿ ತಗೊಳ್ಳೋ ಅವಕಾಶವೂ ಇದೆ. 1950ರಿಂದ ಬೆಂಗಳೂರು ತಮಿಳ್ ಸಂಗಂ ಇದೆ. 1982ರ ಗೋಕಾಕ್ ಚಳವಳಿ ಆದ ಮೇಲೆ ಕನ್ನಡಕ್ಕೆ ಸಿಗಬೇಕಾದ ಜಾಗ ಸಿಗಬೇಕು ಅನ್ನೋದು ಗಟ್ಟಿಯಾಯ್ತು, ಅದು ನ್ಯಾಯವೇ. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ಕ್ಲಾಸಿನ ತನಕ ಕನ್ನಡ ಇಲ್ಲವೇ ತಾಯಿಮಾತಲ್ಲೇ ಪಾಠ ಅಂತ ಆದೇಶ ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟು ಹಂಗೆ ಬಲವಂತ ಮಾಡೋಕೆ ಆಗಲ್ಲ ಅಂದಿತು. ಸರಿಯಾಗಿ ನೋಡಿ, ಆ ಕೇಸಿನಲ್ಲಿ ಗೆದ್ದಿದ್ದು ತಮಿಳೂ ಅಲ್ಲ, ಕನ್ನಡವೂ ಅಲ್ಲ. ಇಂಗ್ಲಿಷ್ ಮೀಡಿಯಂ. ತಮಿಳು ಸ್ಕೂಲುಗಳು ಖಾಲಿ ಆಗ್ತಾ ಬಂದಾಗ ಪಕ್ಕದ ಕನ್ನಡ ಸ್ಕೂಲುಗಳೂ ಖಾಲಿ ಆಗ್ತಾ ಬಂದ್ವು.

ಒಂದು ವಿಷಯ ಮುಚ್ಚಿಡೋಕೆ ಆಗಲ್ಲ, ಅದು 1991. ಕಾವೇರಿ ಮಧ್ಯಂತರ ತೀರ್ಪು ಬಂದ ವರ್ಷ, ಡಿಸೆಂಬರ್ 12, 13ರಂದು ಊರಲ್ಲಿ ಗಲಭೆ ಆಯ್ತು. ತಮಿಳರ ಮನೆ, ಅಂಗಡಿ ಸುಟ್ಟರು, ಜೀವಗಳು ಹೋದವು, ಎಷ್ಟೋ ಜನ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದರು. ನಮ್ಮ ವಠಾರದಲ್ಲಿ ಪಕ್ಕದ ಮನೆ ಗೌಡ್ರ ಹೆಂಡತಿ ಎರಡು ದಿನ ಹಗಲೆಲ್ಲಾ ನಮ್ಮ ಬಾಗಿಲ ಮುಂದೆ ಮಣೆ ಹಾಕ್ಕೊಂಡು ಅವರೆಕಾಯಿ ಬಿಡಿಸ್ತಾ ಕೂತಿದ್ರು. ಯಾರಾದ್ರೂ ಬಂದು ಕೇಳಿದ್ರೆ "ನಮ್ಮ ಮನೆ ಕಣಪ್ಪಾ ಇದು, ಹೋಗು" ಅನ್ನೋರು. ಅವರ ಋಣ ನಾವು ತೀರಿಸೋಕೆ ಆಗಲ್ಲ. ಆದ್ರೂ ಆ ಭಯ ಬಹಳ ದಿನ ಉಳೀತು. ಬಸ್ಸಲ್ಲಿ ಕೂತಾಗ ತಾಯಂದಿರು ಮಕ್ಕಳಿಗೆ ಮೆಲ್ಲಗೆ "ಕನ್ನಡದಲ್ಲಿ ಮಾತಾಡು" ಅಂತಿದ್ರು. ಹಲಸೂರು ಕೆರೆ ಹತ್ತಿರ ಅದೇ ವರ್ಷ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆಗೆ ಮುಚ್ಚಿದ ಬಟ್ಟೆ ತೆಗೆಯೋಕೆ ಹದಿನೆಂಟು ವರ್ಷ ಆಯ್ತು. 2009ರ ಆಗಸ್ಟ್ 9ಕ್ಕೆ ಇಲ್ಲಿ ವಳ್ಳುವರ್ ಅನಾವರಣ, ನಾಲ್ಕು ದಿನಕ್ಕೆ ಚೆನ್ನೈಯಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣ. 2016ರಲ್ಲಿ ಮತ್ತೆ ಗಲಭೆ ಆದಾಗ ಹಳೇ ಭಯ ಇನ್ನೊಂದು ಸಲ ತಲೆ ಎತ್ತಿತು.

ಆದ್ರೆ ಗಮನಿಸಿ. 1991ರ ಭಯ ತಮಿಳನ್ನ ಬೀದಿಯಿಂದ ಒಳಗೆ ತಳ್ಳಿತು, ಮನೆಯೊಳಗಿನಿಂದ ಹೊರಗೆ ಹಾಕಲಿಲ್ಲ. ಬಾಗಿಲು ಹಾಕ್ಕೊಂಡು ಅಜ್ಜಿ ಕತೆ ಹೇಳೋದು ನಡೀತಾನೇ ಇತ್ತು. ಮನೆಯೊಳಗಿಂದ ಹೋಗೋಕೆ ಶುರುವಾಗಿದ್ದು ಆಮೇಲೆ, ಯಾರೂ ಹೆದರಿಸದೇ ಇದ್ದಾಗ. 1978ರಲ್ಲಿ ಶುರುವಾದ ಎಲೆಕ್ಟ್ರಾನಿಕ್ ಸಿಟಿ, 90ರ ದಶಕದಲ್ಲಿ ಎದ್ದ ಐಟಿಪಿಎಲ್ ಎರಡೂ ಕಡೆ ಚೆನ್ನೈ, ಕೊಯಮತ್ತೂರು, ಮಧುರೈಯಿಂದ ಓದಿದ ಹುಡುಗ ಹುಡುಗೀರು ಕೆಲಸಕ್ಕೆ ಬಂದ್ರು. ಇಬ್ಬರೂ ದುಡಿಯೋರು. ಅಜ್ಜಿ ತಾತ ಊರಲ್ಲಿ, ವಿಡಿಯೋ ಕಾಲ್‌ನಲ್ಲಿ. ಮಗು ಎರಡು ವರ್ಷಕ್ಕೆ ಪ್ಲೇಸ್ಕೂಲಿಗೆ. ಸ್ಕೂಲಿನ ಅಡ್ಮಿಷನ್ ಇಂಟರ್‌ವ್ಯೂಗೆ ಅಂತ ಮನೇಲಿ ಇಂಗ್ಲಿಷ್ ಅಭ್ಯಾಸ. ನೋಡಿಕೊಳ್ಳೋ ಆಯಾ ಹಿಂದಿಯೋ ಬೆಂಗಾಲಿಯೋ. ಮಗುಗೆ ತಮಿಳಿನ ಅವಶ್ಯಕತೆನೇ ಬೀಳಲ್ಲ, ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರುತ್ತೆ ಅಂತ ಅದಕ್ಕೆ ಗೊತ್ತು. ನಮ್ಮಜ್ಜಿಗೆ ಬೇರೆ ಭಾಷೆ ಬರ್ತಿರಲಿಲ್ಲ, ಅದಕ್ಕೇ ನಮಗೆ ತಮಿಳು ಬಂತು.

ಇದು ತಮಿಳರೊಬ್ಬರ ಕತೆ ಅಲ್ಲ. ಅತ್ತಿಬೆಲೆ ದಾಟಿದ್ರೆ ಹೊಸೂರು. ಅಲ್ಲಿ ಕನ್ನಡ ಮನೆಗಳು ಎಷ್ಟೋ ಇವೆ. 2006ರ ಕಾಯ್ದೆಯಿಂದ ಅಲ್ಲಿನ ಸ್ಕೂಲಲ್ಲಿ ತಮಿಳು ಕಡ್ಡಾಯ. ಬೀದಿಯಲ್ಲಿ ತಮಿಳು, ಮನೇಲಿ ಕನ್ನಡ ಅಂತ ಅವರೂ ನಡೆಸಿಕೊಂಡು ಬಂದವರು. ನಮ್ಮನ್ನ ಕನ್ನಡೀಲಿ ನೋಡಿದಂಗೆ ಅವರ ಬಾಳು. ಅಲ್ಲಿನ ಅಮ್ಮಂದಿರಿಗೂ ನಾನು ಹೇಳೋ ಮಾತು ಇದೇ.

ಇನ್ನು ಏನು ಮಾಡಬಹುದು ಅಂತ. ಶನಿವಾರ ಸಾಯಂಕಾಲ ಅಪಾರ್ಟ್‌ಮೆಂಟಿನ ನಾಲ್ಕೈದು ತಮಿಳು ಮನೆ ಮಕ್ಕಳು ನಮ್ಮ ಮನೆಗೆ ಬರ್ತವೆ. ಕ್ಲಾಸು ಅಂತ ಹೇಳೋಕೆ ನನಗೆ ಅರ್ಹತೆ ಇಲ್ಲ, ಪುಸ್ತಕವೂ ಇಟ್ಟಿಲ್ಲ. ಅಲ್ಲಿ ನನಗೆ ಗೊತ್ತಾಗಿದ್ದು ಮೂರು ವಿಷಯ.

ಒಂದು, ಆಡುಮಾತಿಂದ ಶುರು ಮಾಡಬೇಕು. ತಮಿಳಲ್ಲಿ ಬರೆಯೋ ಭಾಷೆಗೂ ಆಡೋ ಭಾಷೆಗೂ ತುಂಬಾ ದೂರ. ಪುಸ್ತಕದಲ್ಲಿ 'ವರುಗಿರೇನ್', ಬಾಯಲ್ಲಿ 'ವರೇನ್'. ಪುಸ್ತಕದಲ್ಲಿ 'ಅವರ್ಗಳ್', ಬಾಯಲ್ಲಿ 'ಅವಂಗ'. ಮಗು ಪುಸ್ತಕದ ಮಾತು ಕಲಿತು ಅಜ್ಜಿ ಹತ್ತಿರ ಹೋದ್ರೆ ರೇಡಿಯೋ ವಾರ್ತೆ ಓದಿದಂಗೆ ಇರುತ್ತೆ, ಎಲ್ಲರೂ ನಗ್ತಾರೆ, ಮಗು ಮತ್ತೆ ಬಾಯಿ ಬಿಡಲ್ಲ. ಸಿಂಗಪುರದಲ್ಲಿ ತಮಿಳು ಸರ್ಕಾರಿ ಭಾಷೆಗಳಲ್ಲಿ ಒಂದು, ಸ್ಕೂಲಲ್ಲಿ ಕಲಿಸ್ತಾರೆ. ಆದ್ರೂ ಮನೆಗಳಲ್ಲಿ ಇಂಗ್ಲಿಷ್ ಹೆಚ್ಚಾಗ್ತಾ ಬಂತು. ಅದಕ್ಕೆ 2005ರಲ್ಲಿ ಅಲ್ಲಿನ ಸಮಿತಿ ಆಡುಮಾತಿನ ತಮಿಳನ್ನೂ ತರಗತಿಗೆ ತರಬೇಕು ಅಂತ ಹೇಳಿತು. ಅಷ್ಟು ಅನುಕೂಲ ಇರೋ ದೇಶದವರೇ ಕಂಡುಕೊಂಡ ಮಾತು ಇದು.

ಎರಡು, ಕನ್ನಡವನ್ನೇ ಏಣಿ ಮಾಡ್ಕೋಬೇಕು. ಈ ಮಕ್ಕಳಿಗೆ ಸ್ಕೂಲಲ್ಲಿ ಕನ್ನಡ ಇದೆ, ಅದು ವರ. ಹಾಲು ಅಂದ್ರೆ ಪಾಲ್, ಹಲ್ಲು ಪಲ್, ಹುಲಿ ಪುಲಿ, ಹತ್ತು ಪತ್ತು, ಹುಳಿ ಪುಳಿ, ಹೆಣ್ಣು ಪೆಣ್. ಕನ್ನಡದ 'ಹ' ತೆಗೆದು 'ಪ' ಹಾಕು ಅಂತ ಆಟ ಹೇಳಿಕೊಟ್ರೆ ಅರ್ಧ ಗಂಟೆಗೆ ಮೂವತ್ತು ಪದ ಅವೇ ಕಂಡುಹಿಡೀತವೆ. ಹಳಗನ್ನಡದಲ್ಲೂ ಇವೆಲ್ಲ 'ಪ'ದಲ್ಲೇ ಇದ್ವು. ಆಮೇಲೆ 'ಬ' ತೆಗೆದು 'ವ'. ಬಾ ಅಂದ್ರೆ ವಾ, ಬಾಯಿ ವಾಯ್, ಬೇರು ವೇರ್, ಬಿಲ್ಲು ವಿಲ್. ಕಷ್ಟ ಒಂದೇ, ನಾಲಿಗೆ ಮಡಚಿ ಹೇಳೋ 'ೞ'. ನಮ್ಮ ಹಳಗನ್ನಡದಲ್ಲೂ ಆ ಅಕ್ಷರ ಇತ್ತು, ನಾವು ಬಿಟ್ವಿ, ಅವರು ಇಟ್ಕೊಂಡ್ರು. ಬಾಳೆಹಣ್ಣಿಗೆ 'ವಾೞೈಪ್ಪೞಂ' ಅಂತ ಸರಿಯಾಗಿ ಹೇಳಿದವರಿಗೇ ಮೊದಲ ಹಣ್ಣು ಅಂದ್ರೆ ಮಕ್ಕಳು ಬಿದ್ದು ಬಿದ್ದು ನಕ್ಕೊಂಡು ಹೇಳ್ತವೆ. ಇದರಲ್ಲಿ ಇನ್ನೊಂದು ಲಾಭ ಇದೆ. ತಮಿಳು ಕಲಿಯೋ ನೆಪದಲ್ಲಿ ಅವರ ಕನ್ನಡವೂ ಗಟ್ಟಿ ಆಗುತ್ತೆ. ಇಲ್ಲಿ ಬಾಳೋ ಮಕ್ಕಳಿಗೆ ಕನ್ನಡ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಮೂರು, ಮಾತಿಗೆ ಒಂದು ಕೆಲಸ ಇರಬೇಕು. ಸುಮ್ಮನೆ ಕೂರಿಸಿ "ತಮಿಳಲ್ಲಿ ಮಾತಾಡು" ಅಂದ್ರೆ ದೊಡ್ಡವರಿಗೂ ಬಾಯಿ ಬರಲ್ಲ. ಕೀರೆ ಬಿಡಿಸೋಕೆ, ಕೊೞುಕ್ಕಟ್ಟೈ ಅಂದ್ರೆ ನಮ್ಮ ಕಡುಬು, ಅದನ್ನ ತಟ್ಟೋಕೆ ಕೊಡ್ತೀನಿ. ಇಲ್ಲಾಂದ್ರೆ ಪಲ್ಲಾಂಗುೞಿ ಆಡಿಸ್ತೀನಿ, ನಮ್ಮ ಅಳಗುಳಿಮಣೆ. ಹುಣಸೆಬೀಜ ಎಣಿಸ್ತಾ ಒನ್ನು, ರೆಂಡು, ಮೂಣು ಅಂತ ಲೆಕ್ಕ ತಾನೇ ಬರುತ್ತೆ. ತಪ್ಪು ಹೇಳಿದ್ರೆ ನಿಲ್ಲಿಸಿ ತಿದ್ದಲ್ಲ. ಸರಿಯಾದ ಮಾತನ್ನ ನಾನೇ ಇನ್ನೊಂದು ಸಲ ಹೇಳ್ತೀನಿ, ಅಷ್ಟೇ.

ನ್ಯೂಜಿಲೆಂಡಿನ ಮಾವೋರಿ ಜನ ಇದೇ ದಾರಿ ಹಿಡಿದ್ರು. ಅವರ ಭಾಷೆ ಆಡೋ ಮಕ್ಕಳೇ ಇಲ್ಲದಂಗೆ ಆಗ್ತಿದ್ದಾಗ, 1982ರಲ್ಲಿ, 'ಭಾಷೆಯ ಗೂಡು' ಅಂತ ಶಿಶುವಿಹಾರ ಶುರು ಮಾಡಿದ್ರು. ಭಾಷೆ ಚೆನ್ನಾಗಿ ಬರೋ ಹಿರಿಯರು ಅಲ್ಲಿಗೆ ಬಂದು ಪುಟ್ಟ ಮಕ್ಕಳ ಜೊತೆ ಮಾವೋರಿಯಲ್ಲೇ ಮಾತಾಡೋದು. ಊಟ, ಹಾಡು, ಆಟ ಎಲ್ಲಾ ಅದರಲ್ಲೇ. ನಡುವಿನ ತಲೆಮಾರಿಗೆ ಭಾಷೆ ತಪ್ಪಿಹೋಗಿದ್ರೂ ಅಜ್ಜಿಯಿಂದ ನೇರ ಮೊಮ್ಮಗುಗೆ ದಾಟಿಸಬಹುದು ಅಂತ ಅವರು ತೋರಿಸಿದ್ರು.

ಅದಕ್ಕೇ ತಾಯಂದಿರಿಗೆ ನನ್ನ ಮಾತು ಇಷ್ಟು. ಬೇಸಿಗೆ ರಜೆಗೆ ಅಮ್ಮನೋ ಅತ್ತೆಯೋ ಬಂದ್ರೆ ಅವರಿಗೆ ಇಂಗ್ಲಿಷ್ ಕಲಿಸೋಕೆ ಹೋಗಬೇಡಿ, ನೀವು ಮಧ್ಯದಲ್ಲಿ ನಿಂತು ತರ್ಜುಮೆ ಮಾಡಬೇಡಿ. ಇಬ್ಬರನ್ನೂ ಅಡಿಗೆಮನೇಲಿ ಬಿಟ್ಟು ನೀವು ಆಚೆ ಬನ್ನಿ. ಮೊದಲ ಎರಡು ದಿನ ಸದ್ದು ಇರಲ್ಲ. ಮೂರನೇ ದಿನ ಮಗುಗೆ ಇನ್ನೊಂದು ದೋಸೆ ಬೇಕಾಗುತ್ತೆ, ಕೇಳಲೇಬೇಕಾಗುತ್ತೆ. "ಇನ್ನೊಣ್ಣು ವೇಣುಂ ಪಾಟ್ಟಿ" ಅನ್ನೋದು ಅದರ ಬಾಯಿಂದ ಬಂತು ಅಂದ್ರೆ ಮಿಕ್ಕಿದ್ದು ಪಾಟ್ಟಿ ನೋಡ್ಕೊಳ್ತಾರೆ.